ಎಷ್ಟು ಬೆರಳು ಬಂತು?

ಅಕ್ಟೋಬರ್ ಮೊದಲ ವಾರದ ಒಂದು ಬೆಳಗ್ಗೆ ನಂಜನಗೂಡಿನಲ್ಲಿ, ಕಪಿಲೆಯ ಮೆಟ್ಟಿಲ ಹತ್ತಿರ, ನನ್ನ ಅಕ್ಕನ ಮಗಳು ಪುಟ್ಟಿ ತಲೆ ತಗ್ಗಿಸಿಕೊಂಡು ಕೂತಿದ್ದಳು. ಬೆನ್ನ ಮೇಲೆ ಸೊಂಟ ಮುಟ್ಟುವ ಜಡೆ. ಪಕ್ಕದಲ್ಲಿ ಕತ್ತರಿ ಹಿಡಿದ ಕ್ಷೌರಿಕರು. ಇಪ್ಪತ್ತು ವರ್ಷದ ಹಿಂದೆ, ಅವಳಿಗೆ ಮೂರು ತುಂಬಿದಾಗ, ಹರಕೆಯ ಮುಡಿ ತೆಗೆಸಿದ್ದು ಇಲ್ಲೇ. ಸೋದರಮಾವನ ತೊಡೆಯ ಮೇಲೆ ಕೂರಿಸಬೇಕೆಂದು ಅವಳನ್ನು ನನ್ನ ಕೈಗೆ ಕೊಟ್ಟಿದ್ದರು. ಆಗ ಹೊಳೆಯ ಆಚೆ ದಡಕ್ಕೂ ಕೇಳುವಂತೆ ಕಿರುಚಿದ್ದಳು. ಈ ಸಲ ಅವಳು ಸುಮ್ಮನಿದ್ದಳು. ಅಳುತ್ತಿದ್ದವರು ನಮ್ಮಮ್ಮ.

‘ಎಷ್ಟು ಬಿಡ್ಲಿ ತಾಯಿ?’ ಅಂತ ಕ್ಷೌರಿಕರು ಕೇಳಿದರು.

‘ಕಾಲರ್ ಮುಟ್ಟಬಾರದು, ಅಷ್ಟೇ.’

‘ಮಿಲಿಟರಿ ಕಟ್ಟಾ? ಗಂಡುಮಕ್ಕಳಿಗೆ ಬೇಕಾದಷ್ಟು ಮಾಡಿದೀನಿ. ಹೆಣ್ಣುಮಗಳಿಗೆ ಇದೇ ಮೊದಲು.’

ಕತ್ತಿನ ಹತ್ತಿರ ಜಡೆಗೆ ಬಿಗಿಯಾಗಿ ರಬ್ಬರ್ ಬ್ಯಾಂಡ್ ಹಾಕಿ, ಅದರ ಮೇಲಕ್ಕೆ ಕತ್ತರಿ ಇಟ್ಟರು. ಒಂದೇ ಸಲಕ್ಕೆ ತುಂಡಾಗಲಿಲ್ಲ. ಹುರಿ ಮಾಡಿದ ಹಗ್ಗ ಕೊಯ್ದಂತೆ ನಾಲ್ಕೈದು ಸಲ ಕಚಕಚ ಅಂದಮೇಲೆ ಬಿಟ್ಟುಕೊಂಡಿತು. ಕೈಗೆ ತೆಗೆದುಕೊಂಡು ನೋಡಿದೆ. ಬುಡದ ಕಡೆ ಇನ್ನೂ ಬೆಚ್ಚಗಿತ್ತು. ಕೊಬ್ಬರಿ ಎಣ್ಣೆಯ ವಾಸನೆ ಇತ್ತು. ಇಷ್ಟು ವರ್ಷ ಭಾನುವಾರ ಭಾನುವಾರ ಆ ಎಣ್ಣೆ ಹಚ್ಚಿದ ಕೈ ನಮ್ಮಮ್ಮನದು.

ಒಂದು ವಾರದೊಳಗೆ ಅವಳು ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ ಸೇರಬೇಕಿತ್ತು. ಪರಂಗಿಮಲೆಯ ತಪ್ಪಲಲ್ಲಿರುವ ಈ ಸಂಸ್ಥೆ 1963ರಲ್ಲಿ ಆಫೀಸರ್ಸ್ ಟ್ರೈನಿಂಗ್ ಸ್ಕೂಲ್ ಆಗಿ ಶುರುವಾಯಿತು, 1988ರಲ್ಲಿ ಅಕಾಡೆಮಿ ಎಂಬ ಹೆಸರು ಪಡೆಯಿತು. ಪದವಿ ಮುಗಿಸಿ ಶಾರ್ಟ್ ಸರ್ವಿಸ್ ಕಮಿಷನ್‌ಗೆ ಆಯ್ಕೆಯಾದವರಿಗೆ ಇಲ್ಲಿ 49 ವಾರಗಳ ತರಬೇತಿ. 1992ರಲ್ಲಿ ಮೊದಲ ಬಾರಿಗೆ 25 ಹೆಣ್ಣುಮಕ್ಕಳು ಇಲ್ಲಿ ಕೆಡೆಟ್‌ಗಳಾದರು. ಅವರಲ್ಲಿ 001 ಎಂಬ ಸಂಖ್ಯೆ ಪಡೆದ ಪ್ರಿಯಾ ಝಿಂಗನ್, ಸೇನೆಯಲ್ಲಿ ಹೆಣ್ಣುಮಕ್ಕಳಿಗೇಕೆ ಜಾಗವಿಲ್ಲ ಎಂದು ಸೇನಾ ಮುಖ್ಯಸ್ಥರಿಗೇ ಪತ್ರ ಬರೆದಿದ್ದವರು. 1993ರ ಮಾರ್ಚ್‌ನಲ್ಲಿ ಆ ತಂಡ ಹೆಗಲ ಮೇಲೆ ನಕ್ಷತ್ರ ತೊಟ್ಟು ಹೊರಬಂತು. ನಮ್ಮ ಪುಟ್ಟಿಯ ಓದುವ ಮೇಜಿನ ಮೇಲೆ ಆ ತಂಡದ ಪತ್ರಿಕಾ ಚಿತ್ರ ಎಷ್ಟೋ ವರ್ಷ ಅಂಟಿಕೊಂಡೇ ಇತ್ತು.

ಜಡೆ ತೆಗೆಸಲೇಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಉದ್ದ ಕೂದಲಿದ್ದರೆ ಬಿಗಿಯಾಗಿ ತುರುಬು ಕಟ್ಟಿ ಕಪ್ಪು ಬಲೆ ಹಾಕಿಕೊಂಡು, ಒಂದೆಳೆಯೂ ಕಾಲರ್ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಆದರೆ ಎನ್‌ಸಿಸಿಯಲ್ಲಿ ಅವಳಿಗಿಂತ ಮುಂದಿದ್ದ ಹುಡುಗಿಯೊಬ್ಬಳು ಲೆಕ್ಕ ಬಿಡಿಸಿ ಹೇಳಿದ್ದಳಂತೆ. ಬೆಳಕು ಹರಿಯುವ ಮೊದಲೇ ಎದ್ದು, ಹಾಸಿಗೆಯನ್ನು ಸುಕ್ಕಿಲ್ಲದಂತೆ ಮಡಿಸಿಟ್ಟು, ಸಮವಸ್ತ್ರ ತೊಟ್ಟು ಸಾಲಿಗೆ ನಿಲ್ಲುವುದಕ್ಕೆ ಸಿಗುವುದೇ ಬೆರಳೆಣಿಕೆಯ ನಿಮಿಷ. ಅದರಲ್ಲಿ ಐದು ನಿಮಿಷ ತುರುಬಿಗೆ ಹೋದರೆ ಬೂಟಿನ ಲೇಸಿಗೆ ಏನು ಉಳಿಯುತ್ತದೆ? ‘ಕೂದಲು ಬೆಳೆಯುತ್ತೆ ಮಾವ, ನಿದ್ದೆ ವಾಪಸ್ ಬರಲ್ಲ’ ಅಂದಳು ಪುಟ್ಟಿ. ಮನೆಯಲ್ಲಿ ಅದಕ್ಕೆ ಯಾರಿಗೂ ಉತ್ತರ ಹೊಳೆಯಲಿಲ್ಲ.

ನಮ್ಮಮ್ಮನ ಅಳುವಿಗೆ ಬೇರೆಯೇ ಬೇರು ಇತ್ತು. ಅವರು ಚಿಕ್ಕವರಿದ್ದಾಗ ಮನೆಯಲ್ಲಿ ಒಬ್ಬ ದೊಡ್ಡಮ್ಮ ಇದ್ದರು. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡವರು. ತಿಂಗಳಿಗೊಮ್ಮೆ ಹಿತ್ತಲಲ್ಲಿ ಅವರ ತಲೆ ಬೋಳಿಸುತ್ತಿದ್ದರು. ಕೆಂಪು ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಮುಖ ಗೋಡೆಗೆ ತಿರುಗಿಸಿ ಕೂರುತ್ತಿದ್ದ ಆ ಹೆಂಗಸನ್ನು ನಮ್ಮಮ್ಮ ಎಂಬತ್ತು ದಾಟಿದರೂ ಮರೆತಿಲ್ಲ. ಹೆಣ್ಣಿನ ತಲೆಗೆ ಕತ್ತರಿ ಬಿತ್ತು ಅಂದರೆ ಅವರಿಗೆ ಹಿತ್ತಲಿನ ಆ ಮೂಲೆಯೇ ಕಣ್ಣಿಗೆ ಕಟ್ಟುತ್ತದೆ. ನಮ್ಮ ಕಡೆ ಬದುಕಿನ ಒಂದೊಂದು ತಿರುವೂ ತಲೆಯ ಮೇಲೆ ಕಾಣಿಸುತ್ತದಲ್ಲ. ಮಗುವಿಗೆ ಜವಳ, ದೊಡ್ಡವಳಾದಾಗ ಮೊಗ್ಗಿನ ಜಡೆ, ಹರಕೆ ತೀರಿಸಲು ಮುಡಿ, ಅಪ್ಪ ಅಮ್ಮ ಹೋದರೆ ಬೋಳುತಲೆ. ಹಾಗಿರುವಾಗ ಮದುವೆಯಾಗದ ಮೊಮ್ಮಗಳು ತಾನಾಗಿ ಜಡೆ ಕತ್ತರಿಸಿಕೊಳ್ಳುತ್ತೇನೆ ಅಂದರೆ ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಕಾಫಿ ಲೋಟ ಕೆಳಗಿಟ್ಟು ಅವರೇ ಹೇಳಿದರು: ‘ಹೇಗೂ ತೆಗೆಸ್ತಾಳೆ. ನಂಜುಂಡನಿಗೇ ಕೊಡಲಿ ಬಿಡು.’

ಹಾಗೆ ಸೇನೆಯ ಕಟಿಂಗು ನಮ್ಮ ಮನೆಯಲ್ಲಿ ಮುಡಿ ಸೇವೆಯಾಯಿತು. ಬಲವಂತದ ಕತ್ತರಿಗೂ ತಾನಾಗಿ ತಲೆ ಕೊಟ್ಟ ಕತ್ತರಿಗೂ ಇರುವ ಅಂತರವನ್ನು ಅಂದಿನಿಂದ ನಾನು ಯೋಚಿಸುತ್ತಲೇ ಇದ್ದೇನೆ.

ಯೋಧರ ಕೂದಲಿನ ಮೇಲೆ ದೊರೆಗಳ ಕಣ್ಣು ಬಿದ್ದದ್ದು ಇಂದು ನಿನ್ನೆಯಲ್ಲ. ಅಲೆಕ್ಸಾಂಡರ್ ತನ್ನ ಮ್ಯಾಸಿಡೋನಿಯದ ಪಡೆಗೆ ಗಡ್ಡ ಬೋಳಿಸಲು ಆಜ್ಞೆ ಮಾಡಿದ್ದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಕೈಗೆ ಕೈ ಹತ್ತಿದ ಕಾಳಗದಲ್ಲಿ ಶತ್ರುವಿಗೆ ಹಿಡಿಯಲು ಸಿಗುವ ಹಿಡಿಕೆ ಅದು. ‘ಅವನ ಜುಟ್ಟು ನನ್ನ ಕೈಯಲ್ಲಿದೆ’ ಅಂತ ದಿನಬೆಳಗಾದರೆ ಹೇಳುವ ನಮಗೆ ಈ ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಬಂದಮೇಲೆ ಇನ್ನೊಂದು ಕಾರಣ ಸೇರಿತು. ಗಡ್ಡವಿದ್ದರೆ ಮುಖವಾಡ ಚರ್ಮಕ್ಕೆ ಕಚ್ಚಿ ಕೂರುವುದಿಲ್ಲ, ಸಂದಿಯಿಂದ ಅನಿಲ ಒಳಗೆ ನುಗ್ಗುತ್ತದೆ. ಇನ್ನು ನೀರಿಲ್ಲದ ಕಡೆ ನೂರಾರು ಜನ ಒಟ್ಟಿಗೆ ಮಲಗುವಾಗ ಗಿಡ್ಡ ಕೂದಲು ತೊಳೆಯುವುದು ಸುಲಭ, ಹೇನಿನ ಕಾಟ ಕಡಿಮೆ. ಗಾಯವಾದರೆ ವೈದ್ಯರಿಗೆ ಬೇಗ ಕಾಣುತ್ತದೆ.

ಹಾಗೆಂದು ಸೇನೆಯ ಕೂದಲ ನಿಯಮಗಳೆಲ್ಲ ಬುದ್ಧಿವಂತಿಕೆಯಿಂದ ಹುಟ್ಟಿದವೆಂದು ನಾನು ಹೇಳಲಾರೆ. ಬ್ರಿಟಿಷ್ ಸೇನೆಯಲ್ಲಿ 1860ರಿಂದ ಮೇಲ್ದುಟಿಯನ್ನು ಬೋಳಿಸುವುದೇ ನಿಷಿದ್ಧವಾಗಿತ್ತು, ಮೀಸೆ ಬಿಡಲೇಬೇಕಿತ್ತು. ಚಿಗುರು ಮೀಸೆಯೂ ಸರಿಯಾಗಿ ಮೂಡದ ಹುಡುಗರು ಮಹಾಯುದ್ಧಕ್ಕೆ ಸಾವಿರಾರು ಸಂಖ್ಯೆಯಲ್ಲಿ ಬಂದಮೇಲೆ, 1916ರ ಅಕ್ಟೋಬರ್‌ನಲ್ಲಿ, ಜನರಲ್ ನೆವಿಲ್ ಮ್ಯಾಕ್ರೆಡಿ ಆ ನಿಯಮವನ್ನು ತೆಗೆದುಹಾಕಿದರು. ಅವರಿಗೂ ಮೀಸೆ ಕಂಡರೆ ಆಗುತ್ತಿರಲಿಲ್ಲ. ಅರ್ಧ ಶತಮಾನಕ್ಕೂ ಮಿಕ್ಕಿ ಒಂದು ಇಡೀ ಸೇನೆ ಮೀಸೆಯನ್ನು ಶಿಸ್ತು ಎಂದು ನಂಬಿತ್ತು, ಆಮೇಲೆ ಒಂದು ದಿನ ಬಿಟ್ಟಿತು.

ಮೈಸೂರಿನಿಂದ ಚೆನ್ನೈಗೆ ಹೋಗುವ ರೈಲು ಕಾಟ್ಪಾಡಿಯಲ್ಲಿ ನಿಂತಾಗ ಪುಟ್ಟಿ ಕಿಟಕಿಯ ಹತ್ತಿರ ಕೂತಿದ್ದಳು. ಅಲ್ಲಿಂದ ವೆಲ್ಲೂರು ಕೋಟೆ ಹತ್ತಿರವೇ. ಇಳಿದು ನೋಡುವಷ್ಟು ಸಮಯ ನಮಗಿರಲಿಲ್ಲ. ಸಿಪಾಯಿಯ ಗಡ್ಡಕ್ಕೆ ಕೈ ಹಾಕಿದ್ದಕ್ಕೆ ಕಂಪನಿ ಸರ್ಕಾರ ಕೊಟ್ಟ ಬೆಲೆಯ ಕಥೆಯನ್ನು ಕೂತಲ್ಲೇ ಹೇಳಿದೆ.

1805ರ ನವೆಂಬರ್‌ನಲ್ಲಿ ಮದ್ರಾಸ್ ಸೇನೆಯ ಮುಖ್ಯಸ್ಥನಾಗಿದ್ದ ಜಾನ್ ಕ್ರಾಡಕ್ ಒಂದು ಹೊಸ ಕಟ್ಟಳೆ ತಂದ. ಹಿಂದೂ ಸಿಪಾಯಿಗಳು ಕವಾಯತಿಗೆ ಬರುವಾಗ ಹಣೆಗೆ ನಾಮ, ವಿಭೂತಿ ಹಚ್ಚಕೂಡದು. ಮುಸ್ಲಿಂ ಸಿಪಾಯಿಗಳು ಗಡ್ಡ ಬೋಳಿಸಬೇಕು, ಮೀಸೆ ಒಂದೇ ಅಳತೆಗೆ ಇರಬೇಕು. ತಲೆಗೆ ಹೊಸ ನಮೂನೆಯ ದುಂಡು ರುಮಾಲು, ಅದರ ಮೇಲೆ ಚರ್ಮದ ಬಿಲ್ಲೆ. ಕಂಪನಿಯ ಕಣ್ಣಿಗೆ ಅದು ಅಚ್ಚುಕಟ್ಟು. ಸಿಪಾಯಿಗಳಿಗೆ ಮಾತ್ರ ಅದು ತಮ್ಮನ್ನು ಜಾತಿ ಕೆಡಿಸಿ ಕ್ರೈಸ್ತರನ್ನಾಗಿ ಮಾಡುವ ಹೂಟವಾಗಿ ಕಂಡಿತು. ಒಪ್ಪದವರಿಗೆ ಚಾಟಿ ಏಟು ಬಿತ್ತು. ವೆಲ್ಲೂರಿನ ಆ ಕೋಟೆಯಲ್ಲೇ ಶ್ರೀರಂಗಪಟ್ಟಣದಿಂದ ಕರೆತಂದ ಟಿಪ್ಪುವಿನ ಮಕ್ಕಳು ಮತ್ತು ಪರಿವಾರ ಕಾವಲಿನಲ್ಲಿದ್ದರು. 1806ರ ಜುಲೈ 10ರ ನಸುಕಿನಲ್ಲಿ ಸಿಪಾಯಿಗಳು ಎದ್ದರು. ಕೋಟೆಯ ಮೇಲೆ ಮೈಸೂರಿನ ಹುಲಿಪಟ್ಟೆಯ ಬಾವುಟ ಏರಿತು. ಆರ್ಕಾಟಿನಿಂದ ರೋಲೋ ಗಿಲೆಸ್ಪಿಯ ಕುದುರೆ ಪಡೆ ಬಂದು ಅದೇ ದಿನ ದಂಗೆಯನ್ನು ಹೊಸಕಿಹಾಕಿತು. ಎರಡೂ ಕಡೆ ನೂರಾರು ಹೆಣ ಬಿತ್ತು. ಆಮೇಲೆ ಆ ಕಟ್ಟಳೆಯನ್ನೂ ಹಿಂದಕ್ಕೆ ತೆಗೆದುಕೊಂಡರು, ಕ್ರಾಡಕ್‌ನನ್ನೂ ಗವರ್ನರ್ ಬೆಂಟಿಂಕ್‌ನನ್ನೂ ಇಂಗ್ಲೆಂಡಿಗೆ ವಾಪಸು ಕರೆಸಿಕೊಂಡರು.

ಪುಟ್ಟಿ ಎಲ್ಲವನ್ನೂ ಕೇಳಿಸಿಕೊಂಡಳು. ಕೈ ಕತ್ತಿನ ಹಿಂದೆ ಆಡುತ್ತಿತ್ತು. ‘ಅವರಿಗೆ ಯಾಕೆ ಅಂತ ಯಾರೂ ಹೇಳಲಿಲ್ಲ, ಅಲ್ವಾ ಮಾವ?’ ಅಂದಳು.

ಅವಳ ಪ್ರಶ್ನೆ ಸರಿಯಾದ ಜಾಗಕ್ಕೆ ತಾಗಿತ್ತು. ಇವತ್ತಿನ ಭಾರತೀಯ ಸೇನೆಯಲ್ಲಿ ಸಿಖ್ ಕೆಡೆಟ್ ಕೂದಲಿಗೆ ಕತ್ತರಿ ತಾಗಿಸಬೇಕಿಲ್ಲ. ಬೋಳಿಸಿದ ತಲೆಯವನ ಪಕ್ಕದಲ್ಲೇ ಪೇಟ ಸುತ್ತಿ, ಗಡ್ಡ ಎತ್ತಿ ಕಟ್ಟಿದವನು ಅದೇ ಹೆಜ್ಜೆ ಹಾಕುತ್ತಾನೆ. ಸಾಲು ಕೆಡುವುದಿಲ್ಲ. ಆದರೆ 2016ರಲ್ಲಿ, ಗಡ್ಡ ಬಿಡಲು ಅವಕಾಶ ಕೇಳಿದ್ದ ವಾಯುಪಡೆಯ ಮುಸ್ಲಿಂ ಸಿಬ್ಬಂದಿಯೊಬ್ಬರ ಅರ್ಜಿಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪಡೆಯ ಏಕರೂಪತೆ ಮತ್ತು ಶಿಸ್ತನ್ನು ಅದು ಮುಂದಿಟ್ಟಿತು. ಗೆರೆ ಎಲ್ಲಿ ಎಳೆಯಬೇಕೆಂಬ ವಾದ ಮುಗಿದಿಲ್ಲ, ಮುಗಿಯುವಂಥದೂ ಅಲ್ಲ. ಆದರೆ ಗೆರೆ ಎಳೆಯುವವನು ಕಾರಣ ಹೇಳಲೇಬೇಕು, ಅರ್ಜಿ ಹಾಕಿದವನ ಮಾತನ್ನು ಕೇಳಿಸಿಕೊಳ್ಳಲೇಬೇಕು. ವೆಲ್ಲೂರಿನಲ್ಲಿ ಇದ್ದದ್ದು ಚಾಟಿ ಮಾತ್ರ.

ಕಾರಣ ತೋರಿಸಿದರೆ ನಿಯಮ ಬಗ್ಗಿದ್ದೂ ಉಂಟು. ಅಮೆರಿಕದ ಸೇನಾ ಅಕಾಡೆಮಿಗಳ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದದ್ದು 1976ರಲ್ಲಿ. ಆ ವರ್ಷ ಅವುಗಳಲ್ಲೊಂದಾದ ವೆಸ್ಟ್ ಪಾಯಿಂಟ್ ಸೇರಿದವರು 119 ಮಂದಿ, 1980ರಲ್ಲಿ ಮುಗಿಸಿದವರು 62. ಮುಂದೆ ದಶಕಗಳ ಕಾಲ ಅಲ್ಲಿನ ಸೈನಿಕ ಮಹಿಳೆಯರು ಉದ್ದ ಕೂದಲಿದ್ದರೆ ಬಿಗಿ ತುರುಬನ್ನೇ ಕಟ್ಟಬೇಕಿತ್ತು. ಹೆಲ್ಮೆಟ್ ಹಾಕಿ ನೆಲದ ಮೇಲೆ ಬೋರಲು ಮಲಗಿ ಬಂದೂಕಿನ ಗುರಿ ಹಿಡಿಯಲು ತಲೆ ಎತ್ತಿದರೆ, ಹಿಂದಿನ ತುರುಬು ಹೆಲ್ಮೆಟ್ಟನ್ನು ಮುಂದಕ್ಕೆ ತಳ್ಳಿ ಕಣ್ಣೇ ಮುಚ್ಚಿಹೋಗುತ್ತಿತ್ತು. ವರ್ಷಗಟ್ಟಲೆ ಜಗ್ಗಿ ಕಟ್ಟಿದ್ದಕ್ಕೆ ತಲೆನೋವು, ಹಣೆಯಂಚಿನಲ್ಲಿ ಕೂದಲು ಉದುರುವುದು ಬೇರೆ. ಇದನ್ನೆಲ್ಲ ಮಹಿಳೆಯರೇ ಮತ್ತೆ ಮತ್ತೆ ಹೇಳಿದ ಮೇಲೆ 2021ರಲ್ಲಿ ಅಲ್ಲಿನ ವಾಯುಪಡೆ ಮತ್ತು ಭೂಸೇನೆ ಎರಡೂ ಜಡೆಗೆ, ಹಿಂದೆ ಕಟ್ಟಿದ ಜುಟ್ಟಿಗೆ ಅವಕಾಶ ಕೊಟ್ಟವು. ತುರುಬು ಕಟ್ಟಿದವರು ಹೇಳಿದಾಗಲೇ ತುರುಬಿನ ತೊಂದರೆ ತಿಳಿದದ್ದು. ನನಗೆ ಈ ಸಂಗತಿ ಬಹಳ ಮುಖ್ಯ ಅನ್ನಿಸುತ್ತದೆ. ನಿಯಮ ಬರೆದ ಮೇಜಿನ ಸುತ್ತ ಕೂತವರಲ್ಲಿ ತುರುಬು ಕಟ್ಟುವವರು ಎಷ್ಟು ಜನ ಇದ್ದಿರಬಹುದು?

ಅಕಾಡೆಮಿಯ ಗೇಟಿನಲ್ಲಿ ಅವಳನ್ನು ಬಿಟ್ಟು ಬಂದ ಮೇಲೆ ಮೊದಲ ಫೋನು ಬಂದದ್ದು ಎರಡನೇ ಭಾನುವಾರ. ಸ್ಪೀಕರ್ ಹಾಕಿ ಮನೆಯವರೆಲ್ಲ ಸುತ್ತ ಕೂತೆವು. ಅತ್ತರೆ ಹೇಗೆ ಸಮಾಧಾನ ಮಾಡುವುದೆಂದು ಅಕ್ಕ ಮೊದಲೇ ಮಾತು ಜೋಡಿಸಿಟ್ಟುಕೊಂಡಿದ್ದಳು. ಆ ಕಡೆಯಿಂದ ಬಂದದ್ದು ನಗು. ಮಾತಾಡಲಾಗದಷ್ಟು ನಗು.

ಅವಳ ಕೋಣೆಯಲ್ಲಿ ನಾಲ್ವರು. ಒಬ್ಬಳು ಹರಿಯಾಣದವಳು, ಒಬ್ಬಳು ಮಣಿಪುರದವಳು, ಇನ್ನೊಬ್ಬಳು ಕೊಲ್ಲಂ ಕಡೆಯವಳು. ಊರಲ್ಲಿ ಮಾಡಿಸಿಕೊಂಡು ಬಂದ ಕಟಿಂಗನ್ನು ಅಲ್ಲಿ ಇನ್ನೂ ಗಿಡ್ಡ ಮಾಡಿಸಿಕೊಂಡು, ಆ ರಾತ್ರಿ ನಾಲ್ವರೂ ಒಂದೇ ಕನ್ನಡಿಯ ಮುಂದೆ ನಿಂತರಂತೆ. ಯಾರೂ ಮಾತಾಡಲಿಲ್ಲ. ಒಬ್ಬಳ ಕಣ್ಣಲ್ಲಿ ನೀರು ಬರುವ ಹೊತ್ತಿಗೆ ಹರಿಯಾಣದವಳು ಪುಟ್ಟಿಯ ಮುಖವನ್ನೇ ದಿಟ್ಟಿಸಿ, ‘ನೀನು ಯಾರ ತಮ್ಮ?’ ಅಂತ ಗಂಭೀರವಾಗಿ ಕೇಳಿದಳು. ಅಷ್ಟೇ. ದೀಪ ಆರಿಸಿದ ಮೇಲೂ ದಿಂಬಿಗೆ ಬಾಯಿ ಒತ್ತಿಕೊಂಡು ನಕ್ಕರಂತೆ. ಅಂದಿನಿಂದ ಅವರೊಳಗೊಳಗೇ ಒಬ್ಬಳು ದೊಡ್ಡ ತಮ್ಮ, ಒಬ್ಬಳು ಚಿಕ್ಕ ತಮ್ಮ.

ಜಡೆ ಹೋದರೂ ಅದರ ಅಭ್ಯಾಸ ಮಾತ್ರ ಪುಟ್ಟಿಯನ್ನು ಬಿಟ್ಟಿರಲಿಲ್ಲ. ಬೂಟು ಕಟ್ಟಲು ಬಗ್ಗಿದಾಗಲೆಲ್ಲ ಮುಂದಕ್ಕೆ ಬಿದ್ದ ಜಡೆಯನ್ನು ಹಿಂದಕ್ಕೆ ಎಸೆಯುವಂತೆ ಅವಳ ಕತ್ತು ತಾನಾಗಿ ಝಾಡಿಸುತ್ತದೆ, ಕೈ ಬೆನ್ನ ಮೇಲೆ ಹೋಗಿ ಏನೂ ಸಿಗದೆ ಹಿಂದಿರುಗುತ್ತದೆ. ಕೊಲ್ಲಂ ಹುಡುಗಿ ಅದನ್ನು ಕಂಡುಹಿಡಿದಳು. ಈಗ ಅವಳ ಕೈ ಬೆನ್ನಿಗೆ ಹೋದರೆ ಸಾಕು, ಉಳಿದ ಮೂವರೂ ಮಂಚದ ಕೆಳಗೆ ಬಗ್ಗಿ ಕಳೆದುಹೋದ ಜಡೆ ಹುಡುಕುತ್ತಾರೆ. ಹೇಳುವಾಗ ಅವಳು ನಗುತ್ತಿದ್ದಳು. ನಮ್ಮಮ್ಮ ಮಾತ್ರ ಆ ಬರಿದಾದ ಕೈಯನ್ನೇ ನೆನೆಸಿಕೊಂಡು ಕಣ್ಣೊರೆಸಿಕೊಂಡರು.

ಈ ನಗುವನ್ನು ನಾನು ಸಣ್ಣ ಸಂಗತಿ ಅಂದುಕೊಂಡಿದ್ದೆ. ತಿಳಿದವರನ್ನು ಕೇಳಿದಾಗ, ಅದನ್ನು ಹುಡುಕಿಯೇ ಸೇನೆ ಇವರನ್ನು ಆರಿಸಿದ್ದು ಎಂದು ತಿಳಿಯಿತು. ಪುಟ್ಟಿ ಆಯ್ಕೆಯಾದದ್ದು ಬೆಂಗಳೂರಿನ ಸೆಲೆಕ್ಷನ್ ಸೆಂಟರ್‌ನಲ್ಲಿ. ಐದು ದಿನದ ಪರೀಕ್ಷೆ. ಅಲ್ಲಿ ಅಭ್ಯರ್ಥಿಯಲ್ಲಿ ನೋಡುವ ಅಧಿಕಾರಿಗುಣಗಳು 15. ಧೈರ್ಯ, ಜವಾಬ್ದಾರಿ, ಬೇಗ ನಿರ್ಧಾರ ಮಾಡುವುದು, ತ್ರಾಣ, ಇವೆಲ್ಲ ಇರುತ್ತವೆಂದು ಯಾರಾದರೂ ಊಹಿಸಬಹುದು. ಆ ಪಟ್ಟಿಯಲ್ಲಿ ಇನ್ನೊಂದು ಗುಣವಿದೆ, ಅದಕ್ಕೆ ಕನ್ನಡದಲ್ಲಿ ಲವಲವಿಕೆ ಅಂತ ಹೇಳಿದರೆ ಸರಿಹೋಗುತ್ತದೆ. ಕಷ್ಟ ಎದುರಾದಾಗ ಮುದುಡದೆ, ಜೊತೆಯವರೂ ಮುದುಡದಂತೆ ಇರುವ ಗುಣ. ಹಲಗೆ, ಹಗ್ಗ, ಪೀಪಾಯಿ ಕೊಟ್ಟು ಗುಂಪಾಗಿ ಅಡೆತಡೆ ದಾಟಲು ಹೇಳುವ ಪರೀಕ್ಷೆಯಲ್ಲಿ ಇವರ ತಂಡ ಕಟ್ಟಿದ ಹಲಗೆ ಎರಡು ಸಲ ಕಳಚಿ ಬಿತ್ತಂತೆ. ಎರಡನೇ ಸಲ ಬಿದ್ದಾಗ ಪುಟ್ಟಿ ನಕ್ಕು, ‘ಇದಕ್ಕೆ ನಮ್ಮ ಗಂಟು ಇಷ್ಟವಿಲ್ಲ, ಇನ್ನೊಂದು ಗಂಟು ಹಾಕೋಣ’ ಎಂದಳಂತೆ. ಮುಖ ಗಂಟಿಕ್ಕಿಕೊಂಡು ನಿಂತಿದ್ದ ಹುಡುಗರು ಮತ್ತೆ ಹಗ್ಗಕ್ಕೆ ಕೈ ಹಾಕಿದರು.

ಬ್ರಿಟನ್ನಿನ ರಾಯಲ್ ಮರೀನ್ ಕಮಾಂಡೊಗಳು ತಮ್ಮ ಕಮಾಂಡೊ ಮನೋಭಾವದಲ್ಲಿ ನಾಲ್ಕು ಅಂಶ ಎಣಿಸುತ್ತಾರೆ: ಧೈರ್ಯ, ಛಲ, ನಿಸ್ವಾರ್ಥ, ನಾಲ್ಕನೆಯದು ಕಷ್ಟದ ನಡುವೆ ಹಸನ್ಮುಖ. ಜಗತ್ತಿನ ಅತಿ ಕಠಿಣ ತರಬೇತಿಗಳಲ್ಲಿ ಒಂದನ್ನು ನಡೆಸುವವರು ನಗುವನ್ನು ಧೈರ್ಯದ ಸಾಲಿನಲ್ಲೇ ಕೂರಿಸಿದ್ದಾರೆ. ನಮ್ಮಲ್ಲಿ ಇದಕ್ಕೆ ಸ್ಯಾಮ್ ಮಾಣೆಕ್‌ಷಾ ಅವರಿಗಿಂತ ಬೇರೆ ಉದಾಹರಣೆ ಬೇಡ. ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿ 1932ರ ಅಕ್ಟೋಬರ್‌ನಲ್ಲಿ ತೆರೆದಾಗ ಸೇರಿದ ಮೊದಲ 40 ಕೆಡೆಟ್‌ಗಳಲ್ಲಿ ಅವರೂ ಒಬ್ಬರು. 1942ರಲ್ಲಿ ಬರ್ಮಾದ ಸಿಟ್ಟಾಂಗ್ ನದಿಯ ಹತ್ತಿರ ಹೊಟ್ಟೆಯ ತುಂಬ ಮೆಷಿನ್‌ಗನ್ ಗುಂಡು ಹೊಕ್ಕು ಆಸ್ಪತ್ರೆಗೆ ಬಂದಾಗ, ಏನಾಯಿತು ಎಂದ ವೈದ್ಯರಿಗೆ, ಹೇಸರಗತ್ತೆ ಒದ್ದಿತು ಎಂದರು ಅನ್ನುವ ಕಥೆಯನ್ನು ಸೇನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಬದುಕುವುದಿಲ್ಲವೆಂದು ಕೈಬಿಡಲಿದ್ದ ವೈದ್ಯರು, ಈ ಸ್ಥಿತಿಯಲ್ಲೂ ತಮಾಷೆ ಮಾಡುವವನನ್ನು ಉಳಿಸಲೇಬೇಕೆಂದು ಚಾಕು ಹಿಡಿದರಂತೆ.

ಅಕಾಡೆಮಿಯಲ್ಲಿ ನಗಲು ಎಲ್ಲ ಕಡೆಯೂ ಅವಕಾಶವಿಲ್ಲ. ಡ್ರಿಲ್ ಮೈದಾನದಲ್ಲಿ ಉಸ್ತಾದರ ಮುಂದೆ ತುಟಿಯಂಚು ಅಲುಗಿದರೂ ಕಾಣುತ್ತದೆ. ಹೊಸಬರಲ್ಲಿ ಯಾರಾದರೊಬ್ಬರು ಗಾಬರಿಯಲ್ಲಿ ಬಲಗೈ ಬಲಗಾಲು ಒಟ್ಟಿಗೆ ಎತ್ತಿ ನಡೆಯುವುದು ಎಲ್ಲ ತಂಡದಲ್ಲೂ ಆಗುವ ಕಥೆ. ತಿದ್ದಿಕೊಳ್ಳಲು ಹೋದಷ್ಟೂ ಅದು ಹೆಚ್ಚುತ್ತದೆ. ಹಿಂದಿನ ಸಾಲಿನವರು ಕೆನ್ನೆಯ ಒಳಗನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಾರೆ. ಯಾರದೋ ಮೂಗಿನಿಂದ ಒಂದು ಸದ್ದು ಹೊರಡುತ್ತದೆ. ಇಡೀ ತಂಡಕ್ಕೆ ಮೈದಾನದ ಸುತ್ತು. ಪುಟ್ಟಿ ಹೇಳುವ ಪ್ರಕಾರ, ಆ ಸುತ್ತು ಓಡುವಾಗ ನಕ್ಕಷ್ಟು ಅವಳು ಜೀವಮಾನದಲ್ಲೇ ನಕ್ಕಿಲ್ಲ. ಉಸಿರೇ ಸಿಗುತ್ತಿರಲಿಲ್ಲವಂತೆ, ಆದರೂ ನಿಲ್ಲುತ್ತಿರಲಿಲ್ಲ. ಪಟ್ಟಿ ಪರೇಡ್ ಅಂತ ಇನ್ನೊಂದಿದೆ. ಪಿ.ಟಿ. ಉಡುಪಿನಲ್ಲಿ ಬಾ, ಹೋಗಿ ಡ್ರಿಲ್ ಉಡುಪಿನಲ್ಲಿ ಬಾ, ಹೋಗಿ ರಾತ್ರಿಯೂಟದ ಉಡುಪಿನಲ್ಲಿ ಬಾ. ಪ್ರತಿ ಸಲಕ್ಕೂ ಎರಡೋ ಮೂರೋ ನಿಮಿಷ. ತಲೆಮಾರುಗಳಿಂದ ಎಲ್ಲ ಅಕಾಡೆಮಿಗಳ ಹಳಬರೂ ಅದನ್ನು ನೆನೆಸಿಕೊಂಡು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಕಣ್ಣೀರು ಬಂದಿರುತ್ತದೆ. ಕಣ್ಣೀರನ್ನು ಕಥೆಯಾಗಿ ಮಾಡುವುದು ರಾತ್ರಿ, ಬೂಟಿಗೆ ಪಾಲಿಶ್ ಉಜ್ಜುತ್ತ ಒಟ್ಟಿಗೆ ಕೂತಾಗ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸಾಲಿನಲ್ಲಿ ನಿಂತವರು ಒಬ್ಬರನ್ನೊಬ್ಬರು ನೋಡಿ ನಗುವುದು ಬೇರೆ, ಮೇಲೆ ನಿಂತವನು ಕೆಳಗಿನವನನ್ನು ನೋಡಿ ನಗುವುದು ಬೇರೆ. ಎರಡನೆಯದಕ್ಕೆ ತಮಾಷೆಯ ಹೆಸರಿಟ್ಟು ಎಷ್ಟೋ ಕ್ರೌರ್ಯ ನಡೆದಿದೆ. ವೆಸ್ಟ್ ಪಾಯಿಂಟಿನಲ್ಲಿ ಹಿರಿಯರ ಕಾಟಕ್ಕೆ ಸಿಕ್ಕಿದ್ದ ಆಸ್ಕರ್ ಬೂಜ್ ಎಂಬ ಕೆಡೆಟ್ ಮುಂದೆ ತೀರಿಕೊಂಡಾಗ ಅಮೆರಿಕದ ಕಾಂಗ್ರೆಸ್ ವಿಚಾರಣೆ ನಡೆಸಿತು. 1901ರಲ್ಲಿ ಅದರ ಮುಂದೆ ಸಾಕ್ಷಿ ನುಡಿದ ಕೆಡೆಟ್‌ಗಳಲ್ಲಿ ಡಗ್ಲಸ್ ಮ್ಯಾಕ್‌ಆರ್ಥರ್ ಕೂಡ ಇದ್ದರು. ಸ್ವತಃ ಆ ಕಾಟ ಉಂಡವರು. 1919ರಲ್ಲಿ ಅದೇ ಅಕಾಡೆಮಿಗೆ ಮುಖ್ಯಸ್ಥರಾಗಿ ಬಂದಾಗ, ಹೊಸಬರ ಮೊದಲ ಬೇಸಿಗೆಯ ತರಬೇತಿಯನ್ನು ಹಿರಿಯ ಕೆಡೆಟ್‌ಗಳ ಕೈಯಿಂದ ತೆಗೆದು ಅಧಿಕಾರಿಗಳಿಗೆ ವಹಿಸಿದರು. ತಾನು ಅನುಭವಿಸಿದ್ದನ್ನು ಮುಂದಿನವರೂ ಅನುಭವಿಸಲಿ ಅನ್ನುವುದು ಸುಲಭ. ಅವರು ಹಾಗೆ ಅನ್ನಲಿಲ್ಲ. ಅವರ ಯುದ್ಧಗಳ ಬಗ್ಗೆ ಯಾರು ಏನೇ ಹೇಳಲಿ, ಈ ಒಂದು ಕೆಲಸಕ್ಕೆ ನಾನು ಅವರನ್ನು ಗೌರವಿಸುತ್ತೇನೆ. ತಲೆಗೂದಲು ತೆಗೆಯುವಾಗಲೂ ಇದೇ ಮಾತು. ಎಲ್ಲರ ತಲೆಗೂ ಒಂದೇ ಮೆಷಿನ್ ಓಡಿದರೆ, ಕರ್ನಲ್ ಮಗನಿಗೂ ಕೂಲಿಯವನ ಮಗನಿಗೂ ಒಂದೇ ಅಳತೆಯಾದರೆ ಅದು ಸಮಾನತೆ. ಒಬ್ಬನನ್ನು ಮಾತ್ರ ಹಿಡಿದು ಕೂರಿಸಿ ಉಳಿದವರು ನಕ್ಕರೆ ಅದು ನಮ್ಮಮ್ಮನ ದೊಡ್ಡಮ್ಮ ಕೂರುತ್ತಿದ್ದ ಹಿತ್ತಲು.

ಈ ಕೆಲವು ವರ್ಷಗಳಲ್ಲಿ ಹೆಣ್ಣುಮಕ್ಕಳು ದಾಟಿದ ಬಾಗಿಲುಗಳನ್ನು ನೆನೆದರೆ ಎದೆ ತುಂಬುತ್ತದೆ. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ 61 ವಾರ ತರಬೇತಿ ಮುಗಿಸಿ 2021ರ ಮೇ 8ರಂದು 83 ಹೆಣ್ಣುಮಕ್ಕಳು ಸಿಪಾಯಿಗಳಾಗಿ ಪ್ರಮಾಣ ಮಾಡಿದರು. ಅಧಿಕಾರಿಗಳಲ್ಲ, ಸಿಪಾಯಿಗಳು. ಆ ದರ್ಜೆಯಲ್ಲಿ ಸೇನೆಗೆ ಬಂದ ಮೊದಲ ಹೆಣ್ಣುಮಕ್ಕಳು ಇವರೇ, ಅದೂ ನಮ್ಮ ಬೆಂಗಳೂರಿನ ಮೈದಾನದಿಂದ. ಅದೇ ವರ್ಷ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದಿಂದ ಖಡಕ್‌ವಾಸ್ಲಾದ ನ್ಯಾಷನಲ್ ಡಿಫೆನ್ಸ್ ಅಕಾಡೆಮಿಯ ಪ್ರವೇಶ ಪರೀಕ್ಷೆ ಹುಡುಗಿಯರಿಗೆ ತೆರೆಯಿತು. 2022ರಲ್ಲಿ 19 ಜನ ಸೇರಿದರು, 2025ರ ಮೇ 30ರಂದು 17 ಜನ ಮೂರು ವರ್ಷದ ತರಬೇತಿ ಮುಗಿಸಿ ಹೊರಬಂದರು. ಅವರು ಸೇರಿದಾಗ ಹದಿನೆಂಟರ ಆಸುಪಾಸಿನ ವಯಸ್ಸು. ಊರಲ್ಲಿ ಅವರ ಓರಗೆಯ ಹುಡುಗಿಯರು ಕಾಲೇಜಿಗೆ ಹೊಸ ಹೇರ್‌ಕ್ಲಿಪ್ ಆರಿಸುತ್ತಿದ್ದ ವಯಸ್ಸು.

ಭಾನುವಾರದ ಫೋನು ಈಗ ನಮ್ಮ ಮನೆಯ ಹಬ್ಬ. ಅಕ್ಕ ಊಟದ ಬಗ್ಗೆ ಕೇಳುತ್ತಾಳೆ, ಭಾವ ಓಟದ ಸಮಯ ಕೇಳುತ್ತಾರೆ, ನಾನು ಕೋಣೆಯ ಕಥೆ ಕೇಳುತ್ತೇನೆ. ಹರಿಯಾಣದವಳಿಗೆ ಈಗ ‘ಬಾರೋ ತಮ್ಮ’ ಅನ್ನಲು ಬರುತ್ತದೆ. ನಮ್ಮಮ್ಮ ಕೊನೆಗೆ ಫೋನು ಕಿವಿಗೆ ಹಿಡಿದು ಒಂದೇ ಪ್ರಶ್ನೆ ಕೇಳುತ್ತಾರೆ.

‘ಕೂದಲು ಎಷ್ಟು ಬೆರಳು ಬಂತೇ?’

ಮೊದಮೊದಲು ಈ ಪ್ರಶ್ನೆಯಲ್ಲಿ ನಡುಕವಿರುತ್ತಿತ್ತು. ಎರಡು ಬೆರಳು ಅಂದರೆ ಸಮಾಧಾನ, ಎರಡೂವರೆ ಅಂದರೆ ಸಂತೋಷ. ಮೂರು ಬೆರಳಾಗುವ ಹೊತ್ತಿಗೆ ಸರಿಯಾಗಿ ಮತ್ತೆ ಕಟಿಂಗು ಬರುತ್ತದೆಂಬುದು ಅವರಿಗೆ ಮೂರನೇ ತಿಂಗಳಲ್ಲಿ ಗೊತ್ತಾಯಿತು. ಎರಡು ಭಾನುವಾರ ಮುನಿಸಿಕೊಂಡು ಕೇಳುವುದನ್ನೇ ಬಿಟ್ಟರು. ಆಮೇಲೆ ತಾವಾಗಿಯೇ ಮತ್ತೆ ಶುರುಮಾಡಿದರು.

ಮೊನ್ನೆ ಭಾನುವಾರ ಪುಟ್ಟಿ, ‘ಎರಡೂ ಮುಕ್ಕಾಲು ಅಜ್ಜಿ, ನಾಳೆ ಕಟಿಂಗ್’ ಅಂದಳು. ಹಿಂದಿನಿಂದ ಅವಳ ಕೋಣೆಯವರು ಏನೋ ಕೂಗಿದರು. ನಮ್ಮಮ್ಮ ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದು ಹೇಳಿದರು: ‘ಮೂರೂ ಜನಕ್ಕೂ ಹೇಳು, ಮಂಚದ ಕೆಳಗೆ ಸರಿಯಾಗಿ ಹುಡುಕಿ ಅಂತ. ಇಲ್ಲಿ ನಂಜುಂಡನ ಹತ್ತಿರ ನಾನು ವಿಚಾರಿಸ್ತೀನಿ.’

ಆ ಕಡೆ ನಾಲ್ಕು ಹುಡುಗಿಯರು ನಕ್ಕ ಸದ್ದು ಅಡುಗೆಮನೆಯವರೆಗೂ ಕೇಳಿಸಿತು. ನಮ್ಮಮ್ಮ ಫೋನು ಕೆಳಗಿಟ್ಟು, ಎಡಗೈಯ ಮೂರು ಬೆರಳನ್ನು ಜೋಡಿಸಿ, ಅಳತೆ ನೋಡುತ್ತ ಕೂತರು.